ಬಳ್ಳಾರಿ ಬಿಸಿಲಲ್ಲಿ ಅಕ್ರಿಲಿಕ್: ಬಣ್ಣ ಯಾಕೆ ಇಷ್ಟು ಬೇಗ ಒಣಗುತ್ತದೆ?

ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ. ತಲೆ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿದೆ. ಮುಂದೆ ಹನ್ನೆರಡು ಇಂಚಿನ ಕ್ಯಾನ್ವಾಸ್ ಬೋರ್ಡು, ಪಕ್ಕದಲ್ಲಿ ಫೋನು. ಫೋನಿನಲ್ಲಿ ಯಾರೋ ಆಕಾಶ ಬರೆಯುತ್ತಿದ್ದಾರೆ. ಮೇಲೆ ಕಡು ನೀಲಿ, ಕೆಳಗೆ ಬಿಳಿ. ನಡುವೆ ಬ್ರಷ್ ಅತ್ತಿತ್ತ ಆಡಿಸಿದರೆ ಸಾಕು, ಎರಡೂ ಬೆಣ್ಣೆ ಹಾಗೆ ಬೆರೆತುಹೋಗುತ್ತವೆ. ನೀವೂ ಹಾಗೇ ಮಾಡುತ್ತೀರಿ. ನೀಲಿ ಹಚ್ಚಿ, ಬ್ರಷ್ ತೊಳೆದು, ಬಿಳಿ ತೆಗೆದುಕೊಳ್ಳುವಷ್ಟರಲ್ಲಿ ನೀಲಿ ಒಣಗಿಬಿಟ್ಟಿದೆ. ಎಳೆದರೆ ಗೀರು ಬೀಳುತ್ತದೆ. ಇನ್ನೊಮ್ಮೆ ಉಜ್ಜಿದರೆ ಅರ್ಧ ಒಣಗಿದ ಬಣ್ಣ ಹಾಲಿನ ಕೆನೆ ಹಾಗೆ ಕಿತ್ತು ಬರುತ್ತದೆ. ಕೆಳಗಿನ ಬಿಳಿ ಕ್ಯಾನ್ವಾಸು ಹಲ್ಲು ಕಿಸಿಯುತ್ತದೆ.

ತನ್ನ ಕೈಗೆ ಚಿತ್ರ ಹತ್ತುವುದಿಲ್ಲ ಅಂದುಕೊಂಡು ಎಷ್ಟೋ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಕೈಯಲ್ಲಿ ತಪ್ಪೇನೂ ಇರುವುದಿಲ್ಲ. ಆ ವಿಡಿಯೊ ಮಾಡಿದ ಊರಿನ ಗಾಳಿ ಬೇರೆ, ನಮ್ಮ ಗಾಳಿ ಬೇರೆ, ಅಷ್ಟೇ.

ಈಗ ಶಾಲೆಗಳಿಗೆ ರಜೆ. ಮಕ್ಕಳಿಗೆಂದು ತಂದ ಬಣ್ಣದ ಪೆಟ್ಟಿಗೆಯನ್ನು ದೊಡ್ಡವರೂ ಬಿಚ್ಚಿ ಕೂರುವ ಕಾಲ ಇದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಾಲವೂ ಇದೇ. ಹಾಗಾಗಿ ಅಕ್ರಿಲಿಕ್ ಅಂದರೆ ಏನು, ಅದು ಒಣಗುವಾಗ ಒಳಗೆ ಏನಾಗುತ್ತದೆ ಅಂತ ಮೊದಲು ತಿಳಿದುಕೊಂಡರೆ ಅರ್ಧ ತಾಪತ್ರಯ ಕಡಿಮೆ.

ಟ್ಯೂಬಿನೊಳಗೆ ಇರುವುದೇನು?

ಯಾವ ಬಣ್ಣವೇ ಆಗಲಿ, ಅದರಲ್ಲಿ ಮುಖ್ಯವಾಗಿ ಎರಡು ಸಾಮಾನು. ಒಂದು ಬಣ್ಣದ ಪುಡಿ. ಇನ್ನೊಂದು ಆ ಪುಡಿಯನ್ನು ಹಿಡಿದು ಕಾಗದಕ್ಕೋ ಬಟ್ಟೆಗೋ ಗೋಡೆಗೋ ಕಚ್ಚಿಸುವ ಅಂಟು. ಪುಡಿಗೆ ಪಿಗ್ಮೆಂಟ್ ಅಂತಲೂ ಅಂಟಿಗೆ ಬೈಂಡರ್ ಅಂತಲೂ ಹೆಸರು. ಜಲವರ್ಣ, ತೈಲವರ್ಣ, ಅಕ್ರಿಲಿಕ್ ಎಲ್ಲದರಲ್ಲೂ ಪುಡಿ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅಂಟು.

ಜಲವರ್ಣದ ಅಂಟು ಮರದ ಗೋಂದು. ನೀರು ತಾಕಿದರೆ ಮತ್ತೆ ಕರಗುತ್ತದೆ. ಅದಕ್ಕೇ ಒಣಗಿದ ಜಲವರ್ಣದ ಬಿಲ್ಲೆಗೆ ಒದ್ದೆ ಬ್ರಷ್ ಮುಟ್ಟಿಸಿದರೆ ಬಣ್ಣ ಬರುತ್ತದೆ. ತೈಲವರ್ಣದ ಅಂಟು ಅಗಸೆ ಎಣ್ಣೆ. ನಾವು ರೊಟ್ಟಿ ಜೊತೆ ತಿನ್ನುವ ಚಟ್ನಿಪುಡಿಯ ಅದೇ ಅಗಸೆ. ಅದರಲ್ಲಿ ಆರುವ ನೀರೇ ಇಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು ಬೇಕು, ಕೆಲವೊಮ್ಮೆ ವಾರಗಳು.

ಅಕ್ರಿಲಿಕ್‌ನ ಅಂಟು ಒಂದು ಬಗೆಯ ಪ್ಲಾಸ್ಟಿಕ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಹೀಗೆ ನೀರಿನಲ್ಲಿ ಕರಗದೆ ತೇಲುವ ಮಿಶ್ರಣವೇ ಎಮಲ್ಷನ್. ಈ ಪದ ನಿಮಗೆ ಹೊಸದಲ್ಲ. ಮನೆ ಗೋಡೆಗೆ ಡಿಸ್ಟೆಂಪರ್ ಹೊಡೆಸಬೇಕೋ ಎಮಲ್ಷನ್ ಹೊಡೆಸಬೇಕೋ ಅಂತ ಪೇಂಟರ್ ಜೊತೆ ಚರ್ಚೆ ಮಾಡಿರುತ್ತೀರಿ. ಡಿಸ್ಟೆಂಪರ್ ಗೋಡೆಗೆ ಒರಗಿದರೆ ಅಂಗಿಗೆ ಹತ್ತುತ್ತದೆ, ಎಮಲ್ಷನ್ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಚಿತ್ರಕಾರರ ಅಕ್ರಿಲಿಕ್ ಈ ಎರಡನೆಯ ಮನೆತನದ್ದು. ಅಣ್ಣತಮ್ಮಂದಿರು ಅಂದ ಮಾತ್ರಕ್ಕೆ ಗೋಡೆ ಬಣ್ಣದಲ್ಲಿ ಚಿತ್ರ ಬರೆದರಾಯಿತು ಅಂದುಕೊಳ್ಳಬೇಡಿ. ಗೋಡೆ ಬಣ್ಣ ತೆಳ್ಳಗೆ ಹರಡಲು ಮಾಡಿದ್ದು. ಚಿತ್ರದ ಬಣ್ಣದಲ್ಲಿ ಪುಡಿ ಹೆಚ್ಚು, ಬ್ರಷ್ಷಿನ ಗುರುತು ನಿಲ್ಲುವಷ್ಟು ದಪ್ಪ.

ತೈಲವರ್ಣಕ್ಕೆ ಶತಮಾನಗಳ ಇತಿಹಾಸ ಇದೆ. ಅಕ್ರಿಲಿಕ್ ಅದರ ಮುಂದೆ ಕೂಸು. ನೀರಿನಲ್ಲಿ ಕಲಸಬಹುದಾದ ಅಕ್ರಿಲಿಕ್ ಚಿತ್ರಕಾರರ ಕೈಗೆ ಸಿಕ್ಕಿದ್ದು 1950ರ ದಶಕದಲ್ಲಿ, ಅಮೆರಿಕದಲ್ಲಿ. 1955ರಲ್ಲಿ ಲಿಕ್ವಿಟೆಕ್ಸ್ ಅನ್ನುವ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು.

ಸಾಬುದಾನಿ ಸಂಡಿಗೆಯಿಂದ ಕಲಿಯುವುದು

ಟ್ಯೂಬಿನಿಂದ ಹಿಂಡಿದ ಅಕ್ರಿಲಿಕ್ ಒಣಗುವುದನ್ನು ಅರ್ಥ ಮಾಡಿಕೊಳ್ಳಲು ಬೇರೆಲ್ಲೂ ಹೋಗಬೇಕಿಲ್ಲ. ಬೇಸಿಗೆಯಲ್ಲಿ ನಮ್ಮ ಮಾಳಿಗೆ ಮೇಲೆ ಹಾಸಿದ ಸಾಬುದಾನಿ ಸಂಡಿಗೆ ನೋಡಿದರೆ ಸಾಕು.

ಹಿಟ್ಟು ಹುಯ್ದಾಗ ಕಾಳುಗಳ ನಡುವೆ ನೀರಿರುತ್ತದೆ. ಬಿಸಿಲಿಗೆ ನೀರು ಆರುತ್ತ ಹೋದ ಹಾಗೆ ಕಾಳುಗಳು ಹತ್ತಿರ ಸರಿಯುತ್ತವೆ, ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕೊನೆಗೆ ಎಲ್ಲ ಸೇರಿ ಒಂದೇ ತೆಳು ಬಿಲ್ಲೆ. ಸಂಜೆ ಸೀರೆಯಿಂದ ಬಿಡಿಸುವಾಗ ಬಿಡಿ ಕಾಳಲ್ಲ, ಇಡೀ ಸಂಡಿಗೆಯೇ ಎದ್ದು ಬರುತ್ತದೆ. ಅಕ್ರಿಲಿಕ್‌ನಲ್ಲೂ ಇದೇ ನಡೆಯುವುದು. ನೀರು ಹೋಗುತ್ತದೆ, ಪ್ಲಾಸ್ಟಿಕ್ ಗೋಲಿಗಳು ಒತ್ತಿಕೊಂಡು ಬೆಸೆದುಕೊಳ್ಳುತ್ತವೆ, ಒಂದು ಪೊರೆ ಆಗುತ್ತದೆ. ಬಣ್ಣದ ಪುಡಿ ಆ ಪೊರೆಯೊಳಗೆ ಸಿಕ್ಕಿಬೀಳುತ್ತದೆ. ಒಮ್ಮೆ ಬೆಸೆದ ಗೋಲಿಗಳನ್ನು ನೀರು ಹಾಕಿ ಬಿಡಿಸಲು ಆಗುವುದಿಲ್ಲ. ಅಕ್ರಿಲಿಕ್ ಅಂಗಿಗೆ ಬಿದ್ದು ಒಣಗಿದರೆ ಆ ಅಂಗಿಯ ಆಸೆ ಬಿಡಬೇಕಾಗುವುದು ಇದಕ್ಕೇ.

ಸಂಡಿಗೆ ಇನ್ನೂ ಎರಡು ಪಾಠ ಹೇಳುತ್ತದೆ. ತೆಳ್ಳಗೆ ಹುಯ್ದದ್ದು ಒಂದೇ ದಿನಕ್ಕೆ ಗರಿಗರಿ. ದಪ್ಪ ಹುಯ್ದದ್ದು ಮೇಲೆ ಮಾತ್ರ ಒಣಗಿದಂತೆ ಕಾಣುತ್ತದೆ, ಹೊಟ್ಟೆಯಲ್ಲಿ ಹಸಿ ಇರುತ್ತದೆ. ದಪ್ಪ ಬಳಿದ ಅಕ್ರಿಲಿಕ್ ಕೂಡ ಹೀಗೇ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ವಾರಗಟ್ಟಲೆ ಮೆತ್ತಗಿರುತ್ತದೆ. ಎರಡನೆಯದು, ಅರ್ಧ ಒಣಗಿದ ಸಂಡಿಗೆಯನ್ನು ಎಬ್ಬಿಸಲು ಹೋದರೆ ಹರಿಯುತ್ತದೆ, ಅಲ್ವಾ? ಅರ್ಧ ಒಣಗಿದ ಬಣ್ಣದ ಮೇಲೆ ಬ್ರಷ್ ಉಜ್ಜಿದಾಗ ಕೆನೆ ಹಾಗೆ ಕಿತ್ತು ಬಂದದ್ದೂ ಅದೇ ಕಥೆ. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಕೈ ತೆಗೆಯುವುದು. ಪೂರ್ತಿ ಒಣಗಲು ಬಿಟ್ಟು, ಮೇಲೆ ಇನ್ನೊಂದು ಪದರ ಹಾಕುವುದು.

ಒಣಗಿದ ಮೇಲೆ ಬಣ್ಣ ಯಾಕೆ ಕಪ್ಪಿಡುತ್ತದೆ?

ಇದು ಎಲ್ಲರನ್ನೂ ಒಮ್ಮೆಯಾದರೂ ಮೋಸ ಮಾಡುವ ಸಂಗತಿ. ಒದ್ದೆ ಇದ್ದಾಗ ಬೇಕಾದ ಬಣ್ಣವೇ ಬಂದಿತ್ತು. ಚಹಾ ಕುಡಿದು ಬಂದು ನೋಡಿದರೆ ಒಂದು ಛಾಯೆ ಕಡು ಆಗಿದೆ.

ಫೆವಿಕಾಲ್ ನೆನಪಿಸಿಕೊಳ್ಳಿ. ಡಬ್ಬಿಯಲ್ಲಿ ಹಾಲಿನಷ್ಟು ಬಿಳಿ, ಒಣಗಿದ ಮೇಲೆ ಗಾಜಿನ ಹಾಗೆ ಪಾರದರ್ಶಕ. ಅದೂ ನೀರಿನಲ್ಲಿ ತೇಲುವ ಗೋಲಿಗಳ ಅಂಟೇ. ಗೋಲಿ ಮತ್ತು ನೀರು ಸೇರುವ ಗಡಿಯಲ್ಲಿ ಬೆಳಕು ಚೆದುರುತ್ತದೆ. ಹಾಗಾಗಿ ಬಿಳಿ ಕಾಣುತ್ತದೆ. ಗೋಲಿಗಳು ಬೆಸೆದ ಮೇಲೆ ಗಡಿಯೇ ಇಲ್ಲ, ಬೆಳಕು ನೇರ ಹಾದುಹೋಗುತ್ತದೆ. ಅಕ್ರಿಲಿಕ್ ಬಣ್ಣದಲ್ಲಿ ಒದ್ದೆ ಇದ್ದಾಗ ಆ ಬಿಳಿಯೂ ಸ್ವಲ್ಪ ಬೆರೆತಿರುತ್ತದೆ. ಒಣಗಿದಾಗ ಬಿಳಿ ಮಾಯವಾಗಿ ನಿಜವಾದ ಬಣ್ಣ ಉಳಿಯುತ್ತದೆ.

ಇದಕ್ಕೆ ಪರಿಹಾರ ಸುಲಭ. ಒಂದು ಕಾಗದದ ಚೂರಿಗೆ ಚುಕ್ಕೆ ಹಚ್ಚಿ, ಒಣಗಲು ಬಿಟ್ಟು, ನೋಡಿ ಆಮೇಲೆ ಕ್ಯಾನ್ವಾಸಿಗೆ ಹಚ್ಚುವುದು. ಬೇರೆ ಊರಿನವರು ಇದಕ್ಕೆ ಹೇರ್ ಡ್ರೈಯರ್ ಹಿಡಿಯುತ್ತಾರೆ. ನಮಗೆ ಕಿಟಕಿ ಸಾಕು.

ಗಾಳಿಯ ಬಾಯಾರಿಕೆ

ಬರೀ ಬಿಸಿಲಷ್ಟೇ ಕಾರಣ ಅಂದರೆ ಅರ್ಧ ಉತ್ತರ ಆಯಿತು. ಮಂಗಳೂರಿನಲ್ಲೂ ಸೆಕೆ ಇದೆ. ಆದರೆ ಅಲ್ಲಿ ತೊಳೆದ ಬಟ್ಟೆ ಒಣಗಲು ಇಡೀ ದಿನ ಬೇಕು. ಬಳ್ಳಾರಿಯಲ್ಲಿ ಪ್ಯಾಂಟು ಒಂದು ತಾಸಿನಲ್ಲಿ ರಟ್ಟಿನ ಹಾಗೆ ಆಗುತ್ತದೆ. ವ್ಯತ್ಯಾಸ ಗಾಳಿಯ ತೇವದಲ್ಲಿದೆ. ಕರಾವಳಿಯ ಗಾಳಿ ಆಗಲೇ ಹೊಟ್ಟೆ ತುಂಬ ನೀರು ಕುಡಿದಿದೆ, ಇನ್ನು ಕುಡಿಯಲಾರದು. ನಮ್ಮ ಬೇಸಿಗೆ ಗಾಳಿಗೆ ಬಾಯಾರಿಕೆ. ಎಲ್ಲಿ ತೇವ ಕಂಡರೂ ಎಳೆದುಕೊಳ್ಳುತ್ತದೆ. ಮೇಲೆ ಫ್ಯಾನು ಬೇರೆ. ತೇವ ತುಂಬಿದ ಗಾಳಿಯನ್ನು ತಳ್ಳಿ, ಒಣ ಗಾಳಿಯನ್ನು ತಂದು ತಂದು ಬಡಿಸುತ್ತದೆ.

ಹಾಗಾದರೆ ಫ್ಯಾನು ಆರಿಸಬೇಕಾ? ಪುಸ್ತಕದ ಪ್ರಕಾರ ಹೌದು. ಏಪ್ರಿಲ್‌ನಲ್ಲಿ ರಾಯಚೂರಿನ ಮನೆಯಲ್ಲಿ ಕೂತು ಆ ಪುಸ್ತಕ ಓದಿದರೆ ನಗು ಬರುತ್ತದೆ. ಫ್ಯಾನು ಆರಿಸಿದರೆ ಬಣ್ಣ ಒದ್ದೆ ಇರುತ್ತದೆ, ಜೊತೆಗೆ ನಾವೂ. ಬೆವರಿನ ಹನಿ ಚಿತ್ರದ ಮೇಲೆ ಬೀಳುತ್ತದೆ. ಇದಕ್ಕಿಂತ ಕೂಲರ್ ಒಳ್ಳೆಯದು. ನೀರು ಕುಡಿಸಿದ ಹುಲ್ಲಿನ ಮೂಲಕ ಗಾಳಿ ಎಳೆಯುವ ಕೂಲರ್ ಕೋಣೆಗೆ ತೇವವನ್ನೂ ತರುತ್ತದೆ. ಗಾಳಿಯ ಬಾಯಾರಿಕೆ ಅಷ್ಟರ ಮಟ್ಟಿಗೆ ತೀರುತ್ತದೆ. ಮೂತಿ ಮಾತ್ರ ನಿಮ್ಮ ಕಡೆ ಇರಲಿ, ಕ್ಯಾನ್ವಾಸ್ ಕಡೆ ಬೇಡ.

ಹೊತ್ತು ಬದಲಿಸುವುದು ಇನ್ನೂ ಸುಲಭ. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಗಾಳಿ ತಣ್ಣಗಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಆಕಾಶ, ನೀರಿನಂತಹ ಬೆರೆಸುವ ಕೆಲಸಗಳನ್ನು ಆಗ ಮುಗಿಸಿಕೊಳ್ಳಿ. ಗೆರೆ, ಚುಕ್ಕೆ, ಅಂಚಿನ ಕೆಲಸ ಮಧ್ಯಾಹ್ನಕ್ಕೆ ಇರಲಿ. ಅವಕ್ಕೆ ಬೇಗ ಒಣಗುವ ಬಣ್ಣವೇ ಅನುಕೂಲ.

ಟಿಫಿನ್ ಡಬ್ಬಿಯ ಪ್ಯಾಲೆಟ್

ಕ್ಯಾನ್ವಾಸಿನ ಮೇಲೆ ಒಣಗುವುದು ಒಂದು ಕಷ್ಟ. ಪ್ಯಾಲೆಟ್ ಮೇಲೇ, ಅಂದರೆ ಬಣ್ಣ ಹಿಂಡಿ ಕಲಸುವ ತಟ್ಟೆಯ ಮೇಲೇ ಒಣಗುವುದು ಅದಕ್ಕಿಂತ ದೊಡ್ಡ ನಷ್ಟ. ಹಿಂಡಿದ ಬಣ್ಣದಲ್ಲಿ ಅರ್ಧ ಹಾಳಾಗುತ್ತದೆ, ಅದೂ ದುಬಾರಿ ಟ್ಯೂಬಿನದು. ಇದಕ್ಕೆ ಒದ್ದೆ ಪ್ಯಾಲೆಟ್ ಅನ್ನುವ ಉಪಾಯ ಇದೆ. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಮನೆಯಲ್ಲೇ ಆಗುವುದಕ್ಕೆ ದುಡ್ಡು ಯಾಕೆ?

ಮುಚ್ಚಳ ಗಟ್ಟಿಯಾಗಿ ಕೂರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ ಒಂದು. ಅದರ ತಳಕ್ಕೆ ಹಳೆ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ನೀರು ಹಾಕಿ ಪೂರ್ತಿ ನೆನೆಸಿ. ಡಬ್ಬಿ ಓರೆ ಮಾಡಿದರೆ ನೀರು ಮೂಲೆಗೆ ಹರಿದು ನಿಲ್ಲಬಾರದು, ಅಷ್ಟು ತೇವ ಸಾಕು. ಅದರ ಮೇಲೆ ಬೇಕರಿಯವರು ಕೇಕಿನ ತಳಕ್ಕೆ ಹಾಕುವ ಬೇಕಿಂಗ್ ಕಾಗದ ಹಾಸಿ, ಗುಳ್ಳೆ ಇಲ್ಲದ ಹಾಗೆ ಕೈಯಲ್ಲಿ ಸವರಿ. ಬಣ್ಣವನ್ನು ಈ ಕಾಗದದ ಮೇಲೆ ಹಿಂಡುವುದು. ಕೆಳಗಿನ ಬಟ್ಟೆಯ ತೇವ ಕಾಗದದ ಮೂಲಕ ಸ್ವಲ್ಪ ಸ್ವಲ್ಪವೇ ಮೇಲೇರುತ್ತದೆ. ಬಣ್ಣ ಕಳೆದುಕೊಂಡ ನೀರು ಕೆಳಗಿನಿಂದ ಮತ್ತೆ ಸಿಗುತ್ತಿರುತ್ತದೆ. ಮಣ್ಣಿನ ಗಡಿಗೆ ಬೆವರಿದ ಹಾಗೆ. ಮೇಣ ಹಚ್ಚಿದ ಕಾಗದ ಇದಕ್ಕೆ ಆಗುವುದಿಲ್ಲ, ಮೇಣ ನೀರನ್ನು ಬಿಡುವುದಿಲ್ಲ.

ಮುಚ್ಚಳ ಹಾಕಿಟ್ಟರೆ ಬಣ್ಣ ಮರುದಿನವೂ ಹಸಿ ಇರುತ್ತದೆ. ಮೂರ್ನಾಲ್ಕು ದಿನ ಬಿಟ್ಟರೆ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ, ಒಗೆದು ಹಾಕಿ. ಇನ್ನೊಂದು ಮಾತು, ಆ ಡಬ್ಬಿ ಇನ್ನು ಅಡುಗೆಮನೆಗೆ ವಾಪಸ್ ಹೋಗಬಾರದು. ನೀರಿನ ಬಣ್ಣ ಅಂದರೂ ಕೆಲವು ಪುಡಿಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂತಹ ಲೋಹಗಳಿರುತ್ತವೆ. ಬ್ರಷ್ಷಿನ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಪಕ್ಕದಲ್ಲಿ ಒಂದು ಸ್ಪ್ರೇ ಬಾಟಲಿ ಇರಲಿ. ಹತ್ತು ನಿಮಿಷಕ್ಕೊಮ್ಮೆ ದೂರದಿಂದ ಮಂಜಿನ ಹಾಗೆ ಒಂದು ಸಲ ಹೊಡೆದರೆ ಬಣ್ಣ ಎಚ್ಚರ ಇರುತ್ತದೆ. ಬೋರ್ ನೀರು ಹಾಕಿದರೆ ಕೆಲವೇ ದಿನಕ್ಕೆ ಮೂತಿಯ ತೂತು ಬಿಳಿ ಉಪ್ಪು ಕಟ್ಟಿ ಮುಚ್ಚಿಹೋಗುತ್ತದೆ, ಫಿಲ್ಟರ್ ನೀರು ಹಾಕಿ. ರಿಟಾರ್ಡರ್ ಅನ್ನುವ ದ್ರವವೂ ಸಿಗುತ್ತದೆ. ಕೆಲವು ಹನಿ ಬಣ್ಣಕ್ಕೆ ಕಲಸಿದರೆ ಒಣಗುವುದು ನಿಧಾನವಾಗುತ್ತದೆ. ಆಸೆಪಟ್ಟು ಜಾಸ್ತಿ ಹಾಕಿದರೆ ಚಿತ್ರ ದಿನಗಟ್ಟಲೆ ಅಂಟಂಟು. ಬಾಟಲಿಯ ಮೇಲೆ ಬರೆದ ಪ್ರಮಾಣ ಮೀರಬೇಡಿ.

ಬರೀ ನೀರು ಸುರಿದು ತೆಳು ಮಾಡಿದರೆ ಆಗದೇ? ಒಂದು ಮಿತಿಯವರೆಗೆ ಆಗುತ್ತದೆ. ಮಜ್ಜಿಗೆಗೆ ನೀರು ಹೆಚ್ಚಿದಷ್ಟೂ ಮೊಸರಿನ ಅಂಶ ಚದುರುತ್ತದೆ. ಹಾಗೇ ಇಲ್ಲಿ ಅಂಟಿನ ಗೋಲಿಗಳು ದೂರ ದೂರ ಆಗುತ್ತವೆ, ಪೊರೆ ದುರ್ಬಲವಾಗುತ್ತದೆ. ಮುಂದಿನ ಪದರ ಹಚ್ಚುವಾಗ ಹಿಂದಿನದು ಎದ್ದುಬರಬಹುದು. ಬಹಳ ತೆಳು ಪದರ ಬೇಕಾದಾಗ ನೀರಿನ ಜೊತೆ ಅಕ್ರಿಲಿಕ್ ಮೀಡಿಯಂ ಕಲಸುವುದು ಒಳ್ಳೆಯದು. ಅದು ಬಣ್ಣದ ಪುಡಿ ಇಲ್ಲದ ಬರೀ ಅಂಟು.

ಟ್ಯೂಬಿನ ಬೆನ್ನ ಮೇಲಿನ ಬರಹ, ಮತ್ತು ಸಂಡೂರಿನ ಕೆಂಪು

ಟ್ಯೂಬಿನ ಮುಂದೆ ಚಂದದ ಹೆಸರು ಇರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ. ಅದೇ ನಿಜವಾದ ಹೆಸರು. ಪಿಡಬ್ಲ್ಯು6 ಅಂದರೆ ಟೈಟಾನಿಯಂ ಬಿಳಿ. ಪಿಬಿ29 ಅಂದರೆ ಅಲ್ಟ್ರಾಮರೀನ್ ನೀಲಿ. ಯಾವ ಕಂಪನಿಯ ಟ್ಯೂಬಾದರೂ ಈ ಸಂಕೇತ ಒಂದೇ ಇದ್ದರೆ ಒಳಗಿನ ಪುಡಿ ಒಂದೇ ಬಗೆಯದು. ಹೆಸರಿನ ಮುಂದೆ ಹ್ಯೂ ಅಂತ ಇದ್ದರೆ ಅದು ದುಬಾರಿ ಪುಡಿಯ ಬದಲಿಗೆ ಅದೇ ಛಾಯೆ ಕೊಡುವ ಬೇರೆ ಪುಡಿ. ಪಕ್ಕದಲ್ಲಿ ಒಂದು ಸಣ್ಣ ಚೌಕ ಇರಬಹುದು. ಚೌಕ ತುಂಬಿದ್ದರೆ ಕೆಳಗಿನದನ್ನು ಮುಚ್ಚುವ ಬಣ್ಣ, ಖಾಲಿ ಇದ್ದರೆ ಕೆಳಗಿನದು ಕಾಣುವ ಬಣ್ಣ. ಹಳದಿಯನ್ನು ಎಷ್ಟು ಸಲ ಬಳಿದರೂ ಅಡಿಯ ಕಪ್ಪು ಕಾಣುತ್ತಿದೆ ಅಂತ ಒದ್ದಾಡುವವರು ಮೊದಲು ಈ ಚೌಕ ನೋಡಬೇಕು.

ಪಿಆರ್101 ಅನ್ನುವ ಸಂಕೇತ ಕಂಡರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದು ಕಬ್ಬಿಣದ ಆಕ್ಸೈಡ್. ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಅದಿರಿಗೂ, ಲಾರಿ ಹೋದ ಮೇಲೆ ರಸ್ತೆ ಪಕ್ಕದ ಗಿಡಗಳ ಮೇಲೆ ಕೂರುವ ಧೂಳಿಗೂ ಕೆಂಪು ಕೊಟ್ಟಿರುವ ವಸ್ತು ಇದೇ. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲೂ ಅದೇ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬಂಡೆಗಳ ಮೇಲೆ ಪ್ರಾಚೀನ ಜನ ಬರೆದ ಕೆಂಪು ಚಿತ್ರಗಳೂ ಇಂಥದೇ ಕೆಮ್ಮಣ್ಣಿನವು. ಆ ಚಿತ್ರಗಳು ಇವತ್ತಿಗೂ ಕಾಣುತ್ತಿವೆ ಅಂದರೆ ಈ ಪುಡಿ ಬೆಳಕಿಗೆ ಮಾಸುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಅದೇ ಕಣ್ಣು ಕುಕ್ಕುವ ಫ್ಲೋರೊಸೆಂಟ್ ಗುಲಾಬಿ, ಹಸಿರುಗಳು ಬಿಸಿಲು ಬೀಳುವ ಗೋಡೆಯ ಮೇಲೆ ಬೇಗ ಪೇಲವವಾಗುತ್ತವೆ.

ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್ ಅನ್ನುವ ಮಣ್ಣಿನ ಬಣ್ಣಗಳ ಹೆಸರುಗಳಲ್ಲಿ ಬರ್ನ್ಟ್ ಅಂದರೆ ಸುಟ್ಟದ್ದು. ಹಸಿ ಇಟ್ಟಿಗೆ ಭಟ್ಟಿಗೆ ಹೋಗಿ ಕೆಂಪಾಗಿ ಬರುತ್ತದಲ್ಲ, ಅದೇ ಮರ್ಮ. ಹಳದಿ ಮಣ್ಣನ್ನು ಸುಟ್ಟರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ. ಅಂಬರ್‌ನಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಇರುವುದರಿಂದ ಅದು ಕಡು ಕಂದು. ಸಂಡೂರಿನ ನೆಲದಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ. ನಮ್ಮ ಜಿಲ್ಲೆಯ ನೆಲ ಬರೆಯಲು ಕೂತರೆ ಪ್ಯಾಲೆಟ್ ಆಗಲೇ ಅರ್ಧ ತಯಾರು.

ಮೊದಲ ಸಲಕ್ಕೆ ಇಪ್ಪತ್ನಾಲ್ಕು ಬಣ್ಣದ ಸೆಟ್ಟು ಬೇಡ. ಬಿಳಿ, ಅಲ್ಟ್ರಾಮರೀನ್, ಒಂದು ತಿಳಿ ಹಳದಿ, ಒಂದು ಕ್ರಿಮ್ಸನ್ ಅನ್ನುವ ಕಡು ಕೆಂಪು, ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ. ಬಿಳಿ ಮಾತ್ರ ದೊಡ್ಡ ಟ್ಯೂಬ್ ಇರಲಿ. ಎಲ್ಲಕ್ಕಿಂತ ಮೊದಲು ಮುಗಿಯುವುದು ಅದೇ.

ತಳ ಕಟ್ಟುವುದು: ಕಿನ್ನಾಳದವರಿಗೆ ಗೊತ್ತಿದ್ದ ಮಾತು

ಕ್ಯಾನ್ವಾಸ್ ಅಂದರೆ ದಪ್ಪ ಹತ್ತಿ ಬಟ್ಟೆ. ಬರೀ ಬಟ್ಟೆಗೆ ಬಣ್ಣ ಹಚ್ಚಿದರೆ ಅದು ಹೀರಿಕೊಂಡುಬಿಡುತ್ತದೆ. ಅದಕ್ಕೇ ಮೊದಲು ಜೆಸ್ಸೊ ಬಳಿಯುತ್ತಾರೆ. ಸುಣ್ಣಕಲ್ಲಿನ ನುಣ್ಣನೆ ಪುಡಿ, ಬಿಳಿ ಬಣ್ಣ, ಅಕ್ರಿಲಿಕ್ ಅಂಟು ಸೇರಿದ ಲೇಪ ಅದು. ಒಣಗಿದ ಮೇಲೆ ಕೈಗೆ ಸ್ವಲ್ಪ ತರಿತರಿ ಅನ್ನಿಸುತ್ತದೆ. ಆ ತರಿಗೇ ಬಣ್ಣ ಕಚ್ಚುವುದು.

ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ನೇರ ಬಣ್ಣ ಹಚ್ಚುವುದಿಲ್ಲ. ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುತ್ತಾರೆ. ಅದನ್ನು ಮೈತುಂಬ ಸವರಿ, ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಜೆಸ್ಸೊ ಅನ್ನುವ ಪದ ಇಟಲಿಯದ್ದು, ಕೆಲಸ ಮಾತ್ರ ನಮ್ಮ ಮಗ್ಗುಲಲ್ಲೇ ಇದ್ದದ್ದು.

ಅಂಗಡಿಯ ಕ್ಯಾನ್ವಾಸ್ ಬೋರ್ಡಿಗೆ ಸಾಮಾನ್ಯವಾಗಿ ಜೆಸ್ಸೊ ಬಳಿದೇ ಇರುತ್ತದೆ. ಅಗ್ಗದ ಬೋರ್ಡಾದರೆ ಮನೆಯಲ್ಲಿ ಇನ್ನೊಂದು ಪದರ ಹೊಡೆಯಿರಿ, ಬಣ್ಣ ಸ್ವಲ್ಪ ಹೊತ್ತು ಹೆಚ್ಚು ಒದ್ದೆ ಇರುತ್ತದೆ. ಬಳ್ಳಾರಿಯವರಿಗೆ ಇನ್ನೊಂದು ದಾರಿ ಇದೆ, ಜೀನ್ಸ್ ಬಟ್ಟೆ. ಹೊಲಿಗೆಯಲ್ಲಿ ಮಿಕ್ಕ ದಪ್ಪ ಡೆನಿಮ್ ತುಂಡು ಸಿಕ್ಕರೆ ಒಗೆದು, ಇಸ್ತ್ರಿ ಮಾಡಿ, ಹಲಗೆಗೆ ಬಿಗಿದು, ಮೂರು ಪದರ ಜೆಸ್ಸೊ ಹೊಡೆದರೆ ಒಳ್ಳೆಯ ಕ್ಯಾನ್ವಾಸ್. ಎಳೆದರೆ ಹಿಗ್ಗುವ ಸ್ಟ್ರೆಚ್ ಬಟ್ಟೆ ಬೇಡ, ಜೋಲು ಬೀಳುತ್ತದೆ. ಜೆಸ್ಸೊ ಇಲ್ಲದೆ ಜೀನ್ಸ್ ಜಾಕೆಟ್ ಮೇಲೇ ಬರೆಯುವುದಾದರೆ ಬಣ್ಣಕ್ಕೆ ಫ್ಯಾಬ್ರಿಕ್ ಮೀಡಿಯಂ ಕಲಸಬೇಕು. ಒಣಗಿದ ಮೇಲೆ ಉಲ್ಟಾ ಕಡೆಯಿಂದ ಇಸ್ತ್ರಿ.

ಒಂದು ಬಂಡೆ ಬರೆಯೋಣ

ಬಳ್ಳಾರಿ ಗುಡ್ಡದ ಒಂದು ಬಂಡೆ ಸಾಕು. ಇಡೀ ಕೋಟೆ ಬೇಡ.

ಮೊದಲು ಬರ್ನ್ಟ್ ಸಿಯೆನ್ನಾವನ್ನು ತೆಳು ಮಾಡಿ ಇಡೀ ಬೋರ್ಡಿಗೆ ಬಳಿಯಿರಿ. ಎರಡು ಮೂರು ನಿಮಿಷದಲ್ಲಿ ಒಣಗುತ್ತದೆ. ಬಿಳಿ ಬೋರ್ಡಿನ ಹೆದರಿಕೆಯೂ ಹೋಗುತ್ತದೆ, ಆಮೇಲೆ ಹಚ್ಚುವ ಬಣ್ಣದ ಸಂದಿಯಲ್ಲಿ ಈ ಬೆಚ್ಚನೆಯ ಕೆಂಪು ಇಣುಕುತ್ತದೆ. ನಮ್ಮ ಕಲ್ಲಿನಲ್ಲಿ ಆ ಕೆಂಪು ನಿಜಕ್ಕೂ ಇದೆ.

ಬೂದು ಬಣ್ಣಕ್ಕೆ ಕಪ್ಪು ಟ್ಯೂಬ್ ಮುಟ್ಟಬೇಡಿ. ಅಲ್ಟ್ರಾಮರೀನ್, ಬರ್ನ್ಟ್ ಅಂಬರ್ ಸಮ ಕಲಸಿದರೆ ಹೆಚ್ಚುಕಡಿಮೆ ಕಪ್ಪೇ ಬರುತ್ತದೆ. ಬಿಳಿ ಸೇರಿಸಿದರೆ ಬೂದು. ನೀಲಿ ಕೈ ಮೇಲಾದರೆ ತಣ್ಣನೆ ಬೂದು, ಅದು ನೆರಳಿಗೆ. ಕಂದು ಮೇಲಾದರೆ ಬೆಚ್ಚನೆ ಬೂದು, ಅದು ಬಿಸಿಲು ಬಿದ್ದ ಮಗ್ಗುಲಿಗೆ. ನೆರಳು, ನಡುವಿನದು, ಬಿಸಿಲು, ಹೀಗೆ ಮೂರು ರಾಶಿ ಮೊದಲೇ ಕಲಸಿಟ್ಟುಕೊಳ್ಳಿ. ನಮ್ಮ ಬಿಸಿಲಿಗೆ ಇದೇ ಮುಖ್ಯ ಉಪಾಯ. ಕ್ಯಾನ್ವಾಸ್ ಮೇಲೆ ಕಲಸಲು ಸಮಯ ಇಲ್ಲ, ಡಬ್ಬಿಯೊಳಗೆ ಇದೆ. ಆಕಾಶಕ್ಕೂ ಇದೇ ಲೆಕ್ಕ. ಮೂರು ನೀಲಿ ತಯಾರಿರಲಿ, ಪಟ್ಟಿ ಪಟ್ಟಿಯಾಗಿ ಬಳಿದು, ಹಸಿ ಇರುವಾಗಲೇ ಅಂಚುಗಳನ್ನು ಮಾತ್ರ ಒಣ ಬ್ರಷ್ಷಿನಲ್ಲಿ ಸವರಿ.

ಬಂಡೆಯ ಆಕಾರ ಬಂದ ಮೇಲೆ ಬೇಗ ಒಣಗುವ ಗುಣವೇ ನಿಮ್ಮ ಕಡೆ ತಿರುಗುತ್ತದೆ. ಬ್ರಷ್ಷಿಗೆ ತಿಳಿ ಬೂದು ಹಚ್ಚಿ, ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಬ್ರಷ್ಷನ್ನು ಬೋರ್ಡಿನ ಮೇಲೆ ಮೆಲ್ಲಗೆ ಎಳೆಯಿರಿ. ಬಣ್ಣ ತರಿಯ ತುದಿಗೆ ಮಾತ್ರ ಹತ್ತುತ್ತದೆ, ತಗ್ಗಿಗೆ ಹೋಗುವುದಿಲ್ಲ. ಕಲ್ಲಿನ ಒರಟು ತನ್ನಷ್ಟಕ್ಕೇ ಬಂದುಬಿಡುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಬಣ್ಣದಲ್ಲಿ ಅದ್ದಿ ಹೆಬ್ಬೆರಳಲ್ಲಿ ಚಿಮ್ಮಿಸಿದರೆ ಕಲ್ಲಿನ ಚುಕ್ಕೆಗಳು. ಮಳೆನೀರು ಹರಿದು ಬಂಡೆಯ ಮೇಲೆ ಕಪ್ಪು ಪಟ್ಟೆ ಬಿದ್ದಿರುತ್ತದಲ್ಲ, ಅದನ್ನು ಮೀಡಿಯಂ ಕಲಸಿದ ತೆಳು ಕಡು ಬಣ್ಣದಲ್ಲಿ ಮೇಲಿಂದ ಕೆಳಗೆ ಒಂದೇ ಸಲ ಎಳೆಯಿರಿ. ತಿದ್ದಲು ಹೋಗಬೇಡಿ.

ಮುಗಿದ ಚಿತ್ರವೂ ಬೇಯುತ್ತದೆ

ಒಂದು ಮೇ ತಿಂಗಳಲ್ಲಿ ನಾನು ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಕೊಟ್ಟು ಅಲ್ಮೇರಾ ಮೇಲೆ ಇಟ್ಟಿದ್ದೆ. ಎರಡೂ ಒಣಗಿ ತಿಂಗಳಾಗಿತ್ತು. ಜೂನ್‌ನಲ್ಲಿ ತೆಗೆದರೆ ಒಂದಕ್ಕೊಂದು ಅಪ್ಪಿಕೊಂಡಿದ್ದವು. ಎಳೆದಾಗ ಚರ್ ಅಂತ ಸದ್ದು. ಒಂದರ ತೆಂಗಿನಮರ ಇನ್ನೊಂದರ ಆಕಾಶಕ್ಕೆ ಹೋಗಿತ್ತು.

ಕಾರಣ ಅದೇ ಪ್ಲಾಸ್ಟಿಕ್. ಚಳಿಯಲ್ಲಿ ಅಕ್ರಿಲಿಕ್ ಪೊರೆ ಗಡುಸಾಗುತ್ತದೆ, ಶಾಖಕ್ಕೆ ಮೆತ್ತಗಾಗಿ ಸ್ವಲ್ಪ ಅಂಟಾಗುತ್ತದೆ. ಸ್ಲ್ಯಾಬಿನ ಕೆಳಗೆ, ಅಲ್ಮೇರಾ ಮೇಲೆ ಮಧ್ಯಾಹ್ನ ಎಷ್ಟು ಕಾವು ಇರುತ್ತದೆ ಅಂತ ಹೇಳಬೇಕಿಲ್ಲ. ದಿನಪತ್ರಿಕೆ ಸುತ್ತಿಟ್ಟರೆ ಅಚ್ಚಿನ ಅಕ್ಷರ ಚಿತ್ರಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಇನ್ನೂ ಕೆಟ್ಟದು, ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಅಂಟಿಕೊಳ್ಳುತ್ತದೆ. ಚಿತ್ರಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ಸಂದು ಬಿಡಿ. ಒಂದರ ಮೇಲೊಂದು ಇಡಲೇಬೇಕಾದರೆ ಪ್ಯಾಲೆಟ್‌ಗೆ ತಂದ ಬೇಕಿಂಗ್ ಕಾಗದ ನಡುವೆ ಹಾಕಿ.

ಮೆತ್ತಗಾದ ಪೊರೆಗೆ ಧೂಳೂ ಕಚ್ಚುತ್ತದೆ. ನಮ್ಮ ಕೆಂಪು ಧೂಳು ಒಮ್ಮೆ ಬಿಳಿ ಮೋಡದೊಳಗೆ ಕೂತರೆ ಒರೆಸಿದರೂ ಹೋಗುವುದಿಲ್ಲ. ವಾರ್ನಿಷ್ ಬೇಕಾಗುವುದು ಇದಕ್ಕೆ. ಅದು ಹೊಳಪಿಗಿಂತ ಹೆಚ್ಚಾಗಿ ಧೂಳಿಗೆ ಅಡ್ಡ ನಿಲ್ಲುವ ಗಟ್ಟಿ ಪೊರೆ. ತೆಳು ಚಿತ್ರವಾದರೆ ಕೆಲವು ದಿನ, ದಪ್ಪ ಬಳಿದದ್ದಾದರೆ ಕೆಲವು ವಾರ ಬಿಟ್ಟು ಹಚ್ಚಿ. ಹೊಳಪು ಬೇಡ ಅಂದರೆ ಮ್ಯಾಟ್ ಸಿಗುತ್ತದೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಹಚ್ಚಿ, ಬೋರ್ಡನ್ನು ಮಲಗಿಸಿ, ಮೇಲೆ ದೊಡ್ಡ ರಟ್ಟಿನ ಡಬ್ಬಿ ಬೋರಲು ಹಾಕಿ.

ಬ್ರಷ್

ನೈಲಾನ್‌ನಂತಹ ಸಿಂಥೆಟಿಕ್ ಬ್ರಷ್ ಸಾಕು. ಚಪ್ಪಟೆ ಎರಡು, ಗುಂಡಗಿನದು ಒಂದು. ಬಣ್ಣ ಮುಟ್ಟುವ ಮುಂಚೆ ಒದ್ದೆ ಮಾಡಿ ಒರೆಸಿಕೊಳ್ಳಿ, ಕೆಲಸದ ನಡುವೆ ಫೋನ್ ಬಂದರೆ ಬ್ರಷ್ ನೀರಿನಲ್ಲಿ ಅದ್ದಿ ಹೋಗಿ. ಆದರೆ ರಾತ್ರಿಯಿಡೀ ಮಗ್ಗಿನಲ್ಲಿ ನಿಲ್ಲಿಸಬೇಡಿ. ಕೂದಲು ಸೊಟ್ಟಗಾಗುತ್ತದೆ, ಹಿಡಿ ಉಬ್ಬಿ ತಗಡಿನ ಪಟ್ಟಿ ಸಡಿಲವಾಗುತ್ತದೆ. ತೊಳೆಯುವ ಮುಂಚೆ ಬಣ್ಣವನ್ನು ಚಿಂದಿಗೆ ಚೆನ್ನಾಗಿ ಒರೆಸಿ, ಆದಷ್ಟು ಕಡಿಮೆ ಪ್ಲಾಸ್ಟಿಕ್ ಮೋರಿಗೆ ಹೋಗಲಿ.

ಮರೆತು ಒಣಗಿಹೋದರೆ ಎಸೆಯುವ ಮುಂಚೆ ಒಂದು ಸಲ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ನೋಡಿ. ನೀರಿಗೆ ಜಗ್ಗದ ಅಕ್ರಿಲಿಕ್ ಪೊರೆ ಆಲ್ಕೋಹಾಲಿಗೆ ಮೆತ್ತಗಾಗುತ್ತದೆ. ಹತ್ತು ನಿಮಿಷ ನೆನೆಸಿ, ಬೆರಳಲ್ಲಿ ತಿಕ್ಕಿ, ಸೋಪಿನಲ್ಲಿ ತೊಳೆದರೆ ಬಹಳಷ್ಟು ಬಿಟ್ಟುಕೊಳ್ಳುತ್ತದೆ. ಪೂರ್ತಿ ಸರಿ ಹೋಗದೆ ಕೂದಲು ಚೆದುರಿ ನಿಂತರೂ ನಡೆಯುತ್ತದೆ. ನನ್ನದೊಂದು ಅಂಥ ಬ್ರಷ್ ಇದೆ. ಬಂಡೆ ಸಂದಿಯ ಒಣಹುಲ್ಲು ಬರೆಯಲು ಅದರಷ್ಟು ಚೆನ್ನಾದ್ದು ಇನ್ನೊಂದು ಸಿಕ್ಕಿಲ್ಲ.